ರಿಪೋರ್ಟ್ ತುಂಬಾ ‘ಆರ್’ ಬಂದಾಗ: ಸಿಸ್ಟಿಕ್ ಫೈಬ್ರೋಸಿಸ್‌ನ ಶ್ವಾಸಕೋಶದಲ್ಲಿ ಆಂಟಿಬಯೋಟಿಕ್ ಯಾಕೆ ಸೋಲುತ್ತದೆ

ಸಿಸ್ಟಿಕ್ ಫೈಬ್ರೋಸಿಸ್ ಅಂದರೆ ಶ್ವಾಸಕೋಶದಲ್ಲಿ ಕಫ ಗಟ್ಟಿಯಾಗಿ ಕಟ್ಟಿಕೊಳ್ಳುವ, ಹುಟ್ಟಿನಿಂದಲೇ ಬರುವ ಕಾಯಿಲೆ. ಅದು ಇರುವವರ ಮನೆಯಲ್ಲಿ ಕಫದ ಕಲ್ಚರ್ ರಿಪೋರ್ಟ್ ಅಂದರೆ ಎಲ್ಲರಿಗೂ ಪರಿಚಯವಿರುವ ಕಾಗದ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಹುಷಾರು ತಪ್ಪಿದರೆ ಇನ್ನೂ ಜಾಸ್ತಿ ಸಲ. ಯಾವ ಬ್ಯಾಕ್ಟೀರಿಯಾ ಬೆಳೆದಿದೆ ಅಂತ ಮೇಲೆ ಇರುತ್ತದೆ. ಕೆಳಗೆ ಆಂಟಿಬಯೋಟಿಕ್‌ಗಳ ಪಟ್ಟಿ, ಒಂದೊಂದರ ಎದುರಿಗೂ ಒಂದೊಂದು ಅಕ್ಷರ. ಎಸ್ ಅಂದರೆ ಸೆನ್ಸಿಟಿವ್, ಈ ಔಷಧಿಗೆ ಬಗ್ಗುತ್ತದೆ. ಆರ್ ಅಂದರೆ ರೆಸಿಸ್ಟೆಂಟ್, ಬಗ್ಗುವುದಿಲ್ಲ. ಪಟ್ಟಿಯುದ್ದಕ್ಕೂ ಆರ್ ಕಂಡರೆ ಎದೆ ಧಸಕ್ಕೆನ್ನುತ್ತದೆ. ಇನ್ನು ಕೊಡಲು ಔಷಧಿಯೇ ಉಳಿದಿಲ್ಲ ಅಂದುಕೊಂಡು ನಿದ್ದೆಗೆಡುವ ಅಪ್ಪ ಅಮ್ಮಂದಿರಿದ್ದಾರೆ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅವರಿಗಾಗಿ. ಯಾಕೆಂದರೆ ಬೇರೆ ಸೋಂಕುಗಳಲ್ಲಿ ಆ ಅಕ್ಷರಕ್ಕೆ ಇರುವ ಅರ್ಥ ಈ ಕಾಯಿಲೆಯಲ್ಲಿ ಹಾಗೆಯೇ ಇರುವುದಿಲ್ಲ. ಆರ್ ಅಂತ ಬಂದ ಔಷಧಿ ಕೊಟ್ಟೂ ರೋಗಿ ಚೇತರಿಸಿಕೊಳ್ಳುವುದುಂಟು. ಎಸ್ ಅಂತ ಬಂದ ಔಷಧಿಯನ್ನು ಎರಡು ವಾರ ಡ್ರಿಪ್‌ನಲ್ಲಿ ಹಾಕಿದರೂ ಬ್ಯಾಕ್ಟೀರಿಯಾ ಅಲ್ಲಾಡದೆ ಕೂತಿರುವುದೂ ಉಂಟು. ಲ್ಯಾಬ್‌ನವರು ತಪ್ಪು ಮಾಡಿದ್ದಾರೆ ಅಂತಲ್ಲ. ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾವೇ ಬೇರೆ, ಈ ಶ್ವಾಸಕೋಶದ ಕಫದೊಳಗೆ ವರ್ಷಗಟ್ಟಲೆ ಬದುಕುವ ಬ್ಯಾಕ್ಟೀರಿಯಾದ ರೀತಿಯೇ ಬೇರೆ. ಹಾಗಾಗಿ ಮೊದಲು ಆ ಕಫದ ಕಥೆ ಗೊತ್ತಾಗಬೇಕು.

ಸಿಎಫ್‌ಟಿಆರ್ ಅನ್ನುವ ಜೀನ್ ಕೆಟ್ಟಿರುವುದರಿಂದ ಈ ಕಾಯಿಲೆ ಬರುತ್ತದೆ. ಏಳನೇ ಕ್ರೋಮೋಸೋಮಿನಲ್ಲಿರುವ ಈ ಜೀನನ್ನು ವಿಜ್ಞಾನಿಗಳು ಪತ್ತೆ ಮಾಡಿದ್ದು 1989ರಲ್ಲಿ. ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ, ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದೇ ಕೆಟ್ಟಿದ್ದರೆ ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಎಷ್ಟೋ ಸಲ ಅವರಿಗೆ ಅದು ಗೊತ್ತೂ ಇರುವುದಿಲ್ಲ. ಈ ಜೀನ್ ತಯಾರಿಸುವ ಪ್ರೊಟೀನು ಜೀವಕೋಶದ ಹೊರಪದರದಲ್ಲಿ ಒಂದು ದಾರಿಯಂತೆ ಕೂತು, ಉಪ್ಪಿನಲ್ಲಿರುವ ಕ್ಲೋರೈಡನ್ನೂ ಬೈಕಾರ್ಬೊನೇಟನ್ನೂ ದಾಟಿಸುತ್ತದೆ. ಉಪ್ಪು ಹೋದ ಕಡೆಗೆ ನೀರು ಹೋಗುತ್ತದೆ. ಆ ದಾರಿ ಕೆಟ್ಟರೆ ಉಸಿರಾಟದ ಕೊಳವೆಗಳ ಒಳಮೈ ಮೇಲಿನ ತೆಳು ನೀರಿನ ಪದರ ಒಣಗಿ, ಕಫ ಗಟ್ಟಿಯಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಬೆವರಿನಲ್ಲಿ ಉಲ್ಟಾ ಆಗುತ್ತದೆ. ಅಲ್ಲಿ ಉಪ್ಪನ್ನು ಒಳಗೆ ವಾಪಸ್ ಎಳೆದುಕೊಳ್ಳಲು ಆಗದೆ ಬೆವರು ಉಪ್ಪುಪ್ಪಾಗಿರುತ್ತದೆ. ಅದಕ್ಕೇ ಈ ಕಾಯಿಲೆಯನ್ನು ಬೆವರಿನ ಟೆಸ್ಟ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ, ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಜಾಸ್ತಿ ಕ್ಲೋರೈಡ್ ಇದ್ದರೆ ಕಾಯಿಲೆ ಇದೆ ಅಂತ ಲೆಕ್ಕ.

ನಾವೆಲ್ಲರೂ ದಿನಾ ಉಸಿರಿನ ಜೊತೆ ಬ್ಯಾಕ್ಟೀರಿಯಾ ಎಳೆದುಕೊಳ್ಳುತ್ತಲೇ ಇರುತ್ತೇವೆ. ಆರೋಗ್ಯವಂತರ ಶ್ವಾಸನಾಳದಲ್ಲಿ ಕಣ್ಣಿಗೆ ಕಾಣದ ಸಣ್ಣ ಕೂದಲುಗಳು ಕಫವನ್ನು ಮೇಲಕ್ಕೆ ತಳ್ಳುತ್ತಾ ಇರುತ್ತವೆ, ಬ್ಯಾಕ್ಟೀರಿಯಾ ಬೇರೂರುವ ಮೊದಲೇ ಗಂಟಲಿಗೆ ಬಂದು ಹೊಟ್ಟೆಗೆ ಹೋಗಿಬಿಡುತ್ತವೆ. ಕಫವೇ ಅಲ್ಲಾಡದಿದ್ದರೆ? ಬಂದವರು ಅಲ್ಲೇ ಉಳಿಯುತ್ತಾರೆ. ಎಳೆಯ ವಯಸ್ಸಿನಲ್ಲಿ ಸಾಮಾನ್ಯವಾಗಿ ಕಾಣುವುದು ಸ್ಟಫಿಲೋಕಾಕಸ್ ಮತ್ತು ಹೀಮೋಫಿಲಸ್. ವಯಸ್ಸಾದಂತೆ ಸ್ಯೂಡೋಮೊನಾಸ್ ಬರುತ್ತದೆ. ಮಣ್ಣು, ನಿಂತ ನೀರು, ಸಿಂಕಿನ ಪೈಪು, ಎಲ್ಲಿ ತೇವ ಇದೆಯೋ ಅಲ್ಲೆಲ್ಲಾ ಇರುವ ಬ್ಯಾಕ್ಟೀರಿಯಾ ಇದು. ಆರೋಗ್ಯವಂತರ ಶ್ವಾಸಕೋಶಕ್ಕೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಮಾತ್ರ ಶ್ವಾಸಕೋಶವನ್ನು ನಿಧಾನವಾಗಿ ಹಾಳು ಮಾಡುವುದರಲ್ಲಿ ಇದರದ್ದೇ ದೊಡ್ಡ ಪಾಲು.

ಮೊದಮೊದಲು ಸ್ಯೂಡೋಮೊನಾಸ್ ಬಂದು ಹೋಗಿ ಮಾಡುತ್ತದೆ. ಒಂದು ರಿಪೋರ್ಟಿನಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. ಆ ಹಂತದಲ್ಲಿ ಅದು ಇನ್ನೂ ಹೊರಗಿನ ಬ್ಯಾಕ್ಟೀರಿಯಾ, ಬಹಳಷ್ಟು ಔಷಧಿಗೆ ಬಗ್ಗುತ್ತದೆ. ಒಂದು ದಿನ ಅದು ಅಲ್ಲೇ ನೆಲೆಯೂರುತ್ತದೆ. ನೆಲೆಯೂರಿದ್ದಕ್ಕೆ ಒಂದು ಗುರುತು, ತಟ್ಟೆಯಲ್ಲಿ ಬೆಳೆಸಿದಾಗ ಲೋಳೆ ಲೋಳೆಯಾಗಿ ಕಾಣುವುದು. ರಿಪೋರ್ಟಿನಲ್ಲಿ ಇದನ್ನು ಮ್ಯೂಕಾಯ್ಡ್ ಅಂತ ಬರೆಯುತ್ತಾರೆ. ಮ್ಯೂಕ್‌ಎ ಅನ್ನುವ ಒಂದು ಜೀನ್ ಕೆಟ್ಟಾಗ ಬ್ಯಾಕ್ಟೀರಿಯಾ ಆಲ್ಜಿನೇಟ್ ಅನ್ನುವ ಲೋಳೆಯನ್ನು ತಡೆಯಿಲ್ಲದೆ ತಯಾರಿಸಲು ಶುರು ಮಾಡುತ್ತದೆ. ಆ ಲೋಳೆಯೊಳಗೆ ಸಾವಿರಾರು ಬ್ಯಾಕ್ಟೀರಿಯಾ ಒಟ್ಟಿಗೆ ಮುದ್ದೆಯಾಗಿ ಕೂರುತ್ತವೆ. ಇಂಥ ಮುದ್ದೆಗೆ ಬಯೋಫಿಲ್ಮ್ ಅಂತ ಹೆಸರು.

ಜನ ಸಾಮಾನ್ಯವಾಗಿ ಅಂದುಕೊಳ್ಳುವುದು, ಲೋಳೆ ಅಡ್ಡ ಬರುವುದರಿಂದ ಔಷಧಿ ಒಳಗೆ ಹೋಗುವುದಿಲ್ಲ ಅಂತ. ಅದು ಸ್ವಲ್ಪ ಮಟ್ಟಿಗೆ ಮಾತ್ರ ನಿಜ. ಟೋಬ್ರಾಮೈಸಿನ್‌ನಂಥ ಔಷಧಿಗಳು ಲೋಳೆಗೂ, ಕಫದಲ್ಲಿರುವ ಡಿಎನ್‌ಎಗೂ ಅಂಟಿಕೊಂಡು ತಡವಾಗುತ್ತವೆ, ಸರಿ. ಆದರೆ ಎಷ್ಟೋ ಔಷಧಿಗಳು ಒಳಗೆ ತಲುಪಿಯೂ ಕೊಲ್ಲಲಾರವು. ಕಾರಣ, ಒಳಗಿರುವ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುವುದಿಲ್ಲ. ಕಫದ ಗಟ್ಟಿ ಮುದ್ದೆಯೊಳಗೆ ಆಕ್ಸಿಜನ್ ಇರುವುದಿಲ್ಲ ಅನ್ನುವಷ್ಟು ಕಡಿಮೆ. ಸೋಂಕಿನ ವಿರುದ್ಧ ಹೋರಾಡಲು ಬಂದ ಬಿಳಿ ರಕ್ತಕಣಗಳೂ ಇದ್ದ ಆಕ್ಸಿಜನ್ನನ್ನು ಖಾಲಿ ಮಾಡುತ್ತವೆ. ಅಂಥ ಕಡೆ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬದುಕುತ್ತದೆ, ಕೆಲವು ಪೂರ್ತಿ ನಿದ್ದೆಗೇ ಜಾರುತ್ತವೆ. ನಮ್ಮ ಆಂಟಿಬಯೋಟಿಕ್‌ಗಳಲ್ಲಿ ಬಹುಪಾಲು ಕೆಲಸ ಮಾಡುವುದು ಚುರುಕಾಗಿರುವ ಬ್ಯಾಕ್ಟೀರಿಯಾದ ಮೇಲೆ. ಸೆಫ್ಟಾಜಿಡೀಮ್, ಮೆರೊಪೆನೆಮ್ ಇಂಥವು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ಗೋಡೆಯನ್ನೇ ಕಟ್ಟದೆ ಮಲಗಿರುವ ಬ್ಯಾಕ್ಟೀರಿಯಾಕ್ಕೆ ಅದರಿಂದ ಏನು ತೊಂದರೆ? ಟೋಬ್ರಾಮೈಸಿನ್ ಅಂತೂ ಬ್ಯಾಕ್ಟೀರಿಯಾದ ಒಳಗೆ ಹೋಗಬೇಕಾದರೇ ಅದು ಉಸಿರಾಡುತ್ತಾ ಶಕ್ತಿ ತಯಾರಿಸುತ್ತಿರಬೇಕು. ಆಕ್ಸಿಜನ್ ಇಲ್ಲದ ಕಡೆ ಔಷಧಿ ಬಾಗಿಲಲ್ಲೇ ನಿಲ್ಲುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು, ಇಡೀ ವಿಷಯ ಇದರ ಮೇಲೆಯೇ ನಿಂತಿದೆ. ಹೀಗೆ ಮಲಗಿ ಬದುಕುಳಿಯುವ ಬ್ಯಾಕ್ಟೀರಿಯಾದ ಜೀನುಗಳಲ್ಲಿ ಏನೂ ಬದಲಾಗಿರಬೇಕಾಗಿಲ್ಲ. ಅದನ್ನೇ ಎತ್ತಿ ಲ್ಯಾಬಿನ ತಟ್ಟೆಗೆ ಹಾಕಿ, ಬೇಕಾದಷ್ಟು ಗಾಳಿ, ಆಹಾರ ಕೊಟ್ಟರೆ ಚುರುಕಾಗಿ ಬೆಳೆಯುತ್ತದೆ, ಔಷಧಿ ಹಾಕಿದ ತಕ್ಷಣ ಸಾಯುತ್ತದೆ. ರಿಪೋರ್ಟಿನಲ್ಲಿ ಎಸ್ ಅಂತ ಬರುತ್ತದೆ. ಶ್ವಾಸಕೋಶದಲ್ಲಿ ಮಾತ್ರ ಅದೇ ಔಷಧಿ ಸೋಲುತ್ತದೆ. ಇದು ಸಹಿಷ್ಣುತೆ, ಅಂದರೆ ತಾಳಿಕೊಳ್ಳುವ ಗುಣ. ಪ್ರತಿರೋಧ ಅಂದರೆ ಬೇರೆ, ಅಲ್ಲಿ ಜೀನೇ ಬದಲಾಗಿ ಬ್ಯಾಕ್ಟೀರಿಯಾ ಔಷಧಿಯ ಎದುರಿಗೇ ಬೆಳೆಯುತ್ತದೆ. ಈ ಕಾಯಿಲೆಯಲ್ಲಿ ಎರಡೂ ಇರುತ್ತವೆ. ರಿಪೋರ್ಟು ತೋರಿಸುವುದು ಎರಡನೆಯದನ್ನು ಮಾತ್ರ.

ಆ ಎರಡನೆಯದರಲ್ಲೂ ಸ್ಯೂಡೋಮೊನಾಸ್ ಏನೂ ಕಡಿಮೆ ಇಲ್ಲ. ಹುಟ್ಟುತ್ತಲೇ ಅದರ ಹತ್ತಿರ ಔಷಧಿಯನ್ನು ಹೊರಕ್ಕೆ ಎಸೆಯುವ ಪಂಪುಗಳಿವೆ. ಆ ಪಂಪುಗಳಿಗೆ ಕಡಿವಾಣ ಹಾಕುವ ಜೀನ್ ಕೆಟ್ಟರೆ ಪಂಪುಗಳ ಸಂಖ್ಯೆ ಏರುತ್ತದೆ, ಆಗ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರ್ನಾಲ್ಕು ಬಗೆಯ ಔಷಧಿಗಳು ಒಟ್ಟಿಗೇ ಸೋಲುತ್ತವೆ. ಮೆರೊಪೆನೆಮ್ ಗುಂಪಿನ ಔಷಧಿಗಳು ಒಳಗೆ ಹೋಗುವ ಒಂದು ಕಿಂಡಿ ಇದೆ, ಓಪಿಆರ್‌ಡಿ ಅಂತ. ಬ್ಯಾಕ್ಟೀರಿಯಾ ಆ ಕಿಂಡಿಯನ್ನೇ ಕಳೆದುಕೊಂಡರೆ ಆ ಔಷಧಿ ಹೊರಗೇ ಉಳಿಯುತ್ತದೆ. ಸೆಫ್ಟಾಜಿಡೀಮ್ ಅನ್ನು ಒಡೆಯುವ ಕಿಣ್ವವನ್ನು ಜಾಸ್ತಿ ತಯಾರಿಸುವುದು ಇನ್ನೊಂದು ದಾರಿ. ಸಿಪ್ರೋಫ್ಲಾಕ್ಸಾಸಿನ್ ಹೋಗಿ ಹಿಡಿಯುವ ಜಾಗವನ್ನೇ ಸ್ವಲ್ಪ ಬದಲಿಸಿಕೊಳ್ಳುವುದು ಮತ್ತೊಂದು. ಗಮನಿಸಿ, ಇವು ಬಹುಪಾಲು ಬೇರೆ ಬ್ಯಾಕ್ಟೀರಿಯಾದಿಂದ ಎರವಲು ಪಡೆದ ಜೀನುಗಳಲ್ಲ. ತನ್ನದೇ ಜೀನುಗಳಲ್ಲಿ ಆದ ಬದಲಾವಣೆಗಳು, ಅದೂ ಅದೇ ರೋಗಿಯ ಶ್ವಾಸಕೋಶದಲ್ಲಿ ಕೂತೇ ಆದವು.

ಈ ಬದಲಾವಣೆಗಳು ಇಷ್ಟು ಬೇಗ ಹೇಗಾಗುತ್ತವೆ ಅನ್ನುವುದಕ್ಕೆ 2000ನೇ ಇಸವಿಯಲ್ಲಿ ಸ್ಪೇನ್‌ನ ಸಂಶೋಧಕರು ಒಂದು ದೊಡ್ಡ ಸುಳಿವು ಕೊಟ್ಟರು. ಯಾವುದೇ ಜೀವಿ ತನ್ನ ಡಿಎನ್‌ಎ ನಕಲು ಮಾಡುವಾಗ ತಪ್ಪುಗಳಾಗುತ್ತವೆ, ಅದನ್ನು ತಿದ್ದುವ ವ್ಯವಸ್ಥೆಯೂ ಒಳಗೇ ಇರುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಇರುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನರ ಸ್ಯೂಡೋಮೊನಾಸ್‌ನಲ್ಲಿ ಆ ತಿದ್ದುವ ವ್ಯವಸ್ಥೆಯೇ ಕೆಟ್ಟಿದ್ದದ್ದು ಅವರಿಗೆ ಕಂಡಿತು. ಬೇರೆ ರೋಗಿಗಳ ದಿಢೀರ್ ಸೋಂಕಿನಿಂದ ತೆಗೆದ ಸ್ಯೂಡೋಮೊನಾಸ್‌ನಲ್ಲಿ ಅಂಥದ್ದು ಒಂದೂ ಸಿಗಲಿಲ್ಲ. ಪ್ರೂಫ್ ನೋಡುವವರಿಲ್ಲದ ಅಚ್ಚುಕೂಟದಲ್ಲಿ ಪುಟಪುಟಕ್ಕೂ ತಪ್ಪು ಅಚ್ಚಾಗುವ ಹಾಗೆ, ಈ ಬ್ಯಾಕ್ಟೀರಿಯಾದಲ್ಲಿ ತಲೆಮಾರಿನಿಂದ ತಲೆಮಾರಿಗೆ ತಪ್ಪುಗಳು ಸೇರುತ್ತಾ ಹೋಗುತ್ತವೆ. ಬಹುಪಾಲು ತಪ್ಪುಗಳಿಂದ ಅದಕ್ಕೆ ನಷ್ಟವೇ. ಆದರೆ ಔಷಧಿಯ ಮೇಲೆ ಔಷಧಿ ಬೀಳುವ ಜಾಗದಲ್ಲಿ, ಪಂಪ್ ಹೆಚ್ಚಿಸುವಂಥ ಒಂದೇ ಒಂದು ತಪ್ಪಾದರೂ ಸಾಕು, ಆ ತಪ್ಪು ಇರುವ ಬ್ಯಾಕ್ಟೀರಿಯಾ ಬದುಕುತ್ತದೆ, ಮಿಕ್ಕವು ಸಾಯುತ್ತವೆ.

ಹೀಗೆ ವರ್ಷಗಟ್ಟಲೆ ನಡೆದರೆ ಏನಾಗುತ್ತದೆ? ಒಬ್ಬ ರೋಗಿಯೊಳಗೇ ಒಂದೇ ಮೂಲದಿಂದ ಹುಟ್ಟಿದ ಬ್ಯಾಕ್ಟೀರಿಯಾ ಹತ್ತಾರು ಕವಲುಗಳಾಗಿ ಒಡೆಯುತ್ತವೆ. ಕಸಿ ಮಾಡುವಾಗ ಹೊರತೆಗೆದ ಹಳೆಯ ಶ್ವಾಸಕೋಶಗಳನ್ನು ತುಂಡು ತುಂಡಾಗಿ ಪರೀಕ್ಷಿಸಿದವರಿಗೆ ಮೇಲಿನ ಭಾಗದ ಸ್ಯೂಡೋಮೊನಾಸ್‌ಗೂ ಕೆಳಗಿನ ಭಾಗದ ಸ್ಯೂಡೋಮೊನಾಸ್‌ಗೂ ಗುಣದಲ್ಲಿ ವ್ಯತ್ಯಾಸ ಕಂಡಿದೆ, ಔಷಧಿಗೆ ಬಗ್ಗುವ ರೀತಿಯಲ್ಲೂ. ಅಷ್ಟೇ ಯಾಕೆ, ಒಂದೇ ಸಲ ಉಗಿದ ಕಫದಲ್ಲೂ ಒಂದು ಕಾಲೊನಿ (ತಟ್ಟೆಯಲ್ಲಿ ಗುಂಪಾಗಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) ಎಸ್, ಪಕ್ಕದ್ದು ಆರ್ ಆಗಿರಬಹುದು. ಲ್ಯಾಬ್‌ನಲ್ಲಿ ಅವುಗಳಲ್ಲಿ ಕೆಲವನ್ನು ಮಾತ್ರ ಆರಿಸಿ ಟೆಸ್ಟ್ ಮಾಡುತ್ತಾರೆ, ಬೇರೆ ದಾರಿಯೂ ಇಲ್ಲ. ಹೋದ ತಿಂಗಳು ಆರ್ ಇದ್ದದ್ದು ಈ ತಿಂಗಳು ಎಸ್ ಆಯಿತಲ್ಲ, ವಾಸಿ ಆಗುತ್ತಿದೆಯಾ ಅಂತ ಮನೆಯವರು ಕೇಳುತ್ತಾರೆ. ವಾಸಿ ಆಗಿರಲಿಕ್ಕೂ ಸಾಕು, ಈ ಸಲ ಬೇರೆ ಕಾಲೊನಿ ಕೈಗೆ ಸಿಕ್ಕಿರಲಿಕ್ಕೂ ಸಾಕು. ಒಂದು ರಿಪೋರ್ಟ್ ನೋಡಿ ಖುಷಿಪಡುವುದಾಗಲೀ ಕುಸಿಯುವುದಾಗಲೀ ಬೇಡ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ದೊಡ್ಡ ಕಾರಣ, ಎಸ್ ಮತ್ತು ಆರ್ ನಡುವಿನ ಗೆರೆ ಎಲ್ಲಿಂದ ಬಂತು ಅನ್ನುವುದು. ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟಾಗ ಅಥವಾ ನುಂಗಿಸಿದಾಗ ಮೈಯಲ್ಲಿ ಎಷ್ಟು ಪ್ರಮಾಣ ಸಿಗುತ್ತದೆ ಅನ್ನುವ ಲೆಕ್ಕದ ಮೇಲೆ ಆ ಗೆರೆ ಎಳೆದಿರುತ್ತಾರೆ. ಈ ಕಾಯಿಲೆಯಲ್ಲಿ ಆಂಟಿಬಯೋಟಿಕ್ಕನ್ನು ನೆಬ್ಯುಲೈಸರ್ ಮೂಲಕ ನೇರ ಶ್ವಾಸಕೋಶಕ್ಕೇ ಕೊಡುವುದುಂಟು. ಟೋಬ್ರಾಮೈಸಿನ್ ಅಮೆರಿಕದಲ್ಲಿ ಈ ರೂಪದಲ್ಲಿ ಒಪ್ಪಿಗೆ ಪಡೆದದ್ದು 1997ರಲ್ಲಿ. 300 ಮಿಲಿಗ್ರಾಂ ದಿನಕ್ಕೆ ಎರಡು ಸಲ, 28 ದಿನ ತೆಗೆದುಕೊಳ್ಳುವುದು, 28 ದಿನ ಬಿಡುವುದು. ಹೀಗೆ ಎಳೆದುಕೊಂಡ ಹತ್ತು ನಿಮಿಷಕ್ಕೆ ಕಫದಲ್ಲಿ ಗ್ರಾಂಗೆ ಸರಾಸರಿ 1,200 ಮೈಕ್ರೋಗ್ರಾಂ ಆಸುಪಾಸು ಔಷಧಿ ಇರುತ್ತದೆ, ರಕ್ತದಲ್ಲಿ ಮಿಲಿಲೀಟರಿಗೆ ಹೆಚ್ಚುಕಡಿಮೆ ಒಂದೇ ಮೈಕ್ರೋಗ್ರಾಂ. ರಕ್ತದ ಲೆಕ್ಕದಲ್ಲಿ ಆರ್ ಅನ್ನಿಸಿಕೊಂಡ ಬ್ಯಾಕ್ಟೀರಿಯಾಕ್ಕೂ ಇಷ್ಟೊಂದು ಔಷಧಿಯ ಎದುರು ನಿಲ್ಲುವುದು ಕಷ್ಟವಾಗಬಹುದು, ಅಲ್ವಾ? ಕಫಕ್ಕೆ ಅಂಟಿಕೊಂಡು ಒಂದಷ್ಟು ಔಷಧಿ ವ್ಯರ್ಥವಾಗುತ್ತದೆ, ಕಫ ಕಟ್ಟಿಕೊಂಡು ಮುಚ್ಚಿಹೋದ ಮೂಲೆಗಳಿಗೆ ಅದು ತಲುಪುವುದೂ ಇಲ್ಲ, ಹಾಗಾಗಿ ಆ ಸಂಖ್ಯೆಯನ್ನು ಹಾಗೇ ನಂಬಲಾಗದು. ಆದರೂ ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿಯ ಎದುರಿಗೆ ಆರ್ ಅಂತ ಕಂಡ ಮಾತ್ರಕ್ಕೆ ಡಾಕ್ಟರು ಅದನ್ನು ನಿಲ್ಲಿಸಿಬಿಡುವುದಿಲ್ಲ ಯಾಕೆ ಅನ್ನುವುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಇನ್ನೂ ಚೆನ್ನಾಗಿ ಟೆಸ್ಟ್ ಮಾಡಿದರೆ ಆಯಿತಲ್ಲ ಅಂತ ಅನ್ನಿಸುವುದು ಸಹಜ. ಅದನ್ನೂ ಮಾಡಿ ನೋಡಿದ್ದಾರೆ. ಹಲವು ಆಂಟಿಬಯೋಟಿಕ್‌ಗಳನ್ನು ಜೋಡಿಸಿ ಜೋಡಿಸಿ ಲ್ಯಾಬಿನಲ್ಲಿ ಪರೀಕ್ಷಿಸಿ, ಅದರಂತೆ ಔಷಧಿ ಆರಿಸಿದರೆ ರೋಗಿಗಳಿಗೆ ಲಾಭವಿದೆಯಾ ಅಂತ ನೋಡಿದ ಒಂದು ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಮಾಮೂಲಿ ರಿಪೋರ್ಟ್ ನೋಡಿ ಕೊಟ್ಟ ಚಿಕಿತ್ಸೆಗಿಂತ ಅದು ಮೇಲಾಗಲಿಲ್ಲ. ಅದಕ್ಕೇ ಅನುಭವಿ ಡಾಕ್ಟರುಗಳು ಔಷಧಿ ಆರಿಸುವಾಗ ರಿಪೋರ್ಟನ್ನು ಒಂದು ಕಡೆ ಇಟ್ಟುಕೊಂಡು, ಹೋದ ಸಲ ಯಾವ ಜೋಡಿಗೆ ಈ ರೋಗಿ ಸುಧಾರಿಸಿದರು, ಶ್ವಾಸಕೋಶದ ಬಲ ಅಳೆಯುವ ಊದುವ ಟೆಸ್ಟಿನ ಸಂಖ್ಯೆ ಎಷ್ಟು ವಾಪಸ್ ಬಂತು, ಕಿವಿ ಮತ್ತು ಕಿಡ್ನಿ ಹೇಗಿವೆ, ಯಾವುದಕ್ಕೆ ಅಲರ್ಜಿ ಅಂತೆಲ್ಲ ನೋಡುತ್ತಾರೆ. ನೀವು ಇಟ್ಟುಕೊಳ್ಳುವ ಹಳೆಯ ಚಿಕಿತ್ಸೆಯ ದಾಖಲೆಗೆ ಇಲ್ಲಿ ನಿಜವಾದ ಬೆಲೆ ಇದೆ. ಯಾವ ಔಷಧಿ, ಎಷ್ಟು ದಿನ, ಮೊದಲು ಊದಿದ್ದು ಎಷ್ಟು, ಆಮೇಲೆ ಎಷ್ಟು. ಇಷ್ಟು ಬರೆದಿಟ್ಟಿದ್ದರೆ ಆ ಎಸ್ ಆರ್ ಪಟ್ಟಿಗಿಂತ ಎಷ್ಟೋ ಸಲ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಸ್ಯೂಡೋಮೊನಾಸ್ ಬಿಟ್ಟರೆ ಹೆಸರಿಸಲೇಬೇಕಾದವು ಇನ್ನೆರಡು ಮೂರಿವೆ. ಬರ್ಕ್‌ಹೋಲ್ಡೇರಿಯಾ ಗುಂಪಿನ ಬ್ಯಾಕ್ಟೀರಿಯಾಕ್ಕೆ ಕೊಲಿಸ್ಟಿನ್ ಹುಟ್ಟಿನಿಂದಲೇ ನಾಟುವುದಿಲ್ಲ, ಉಳಿದ ಔಷಧಿಗಳಿಗೂ ಅದು ಕಷ್ಟಪಟ್ಟು ಬಗ್ಗುವಂಥದ್ದು. ಕೆಲವರಲ್ಲಿ ಅದು ಶ್ವಾಸಕೋಶವನ್ನು ಬಹಳ ಬೇಗ ಕೆಡಿಸುತ್ತದೆ. ಸ್ಟೆನೊಟ್ರೊಫೊಮೊನಾಸ್ ಅನ್ನುವುದಕ್ಕೆ ಮೆರೊಪೆನೆಮ್ ಒಡೆಯುವ ಕಿಣ್ವ ಸ್ವಭಾವತಃ ಇದೆ, ಅದರಿಂದ ಆ ಔಷಧಿ ಬಳಸಿದಷ್ಟೂ ಇದಕ್ಕೆ ಜಾಗ ಸಿಗುತ್ತದೆ.

ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಇದು ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟ, ಆದರೆ ಕ್ಷಯದ ಮಾಮೂಲಿ ಮಾತ್ರೆಗಳಿಗೆ ಬಗ್ಗುವುದಿಲ್ಲ. ಒಂದು ವರ್ಷಕ್ಕೂ ಮೀರಿ ಹಲವು ಔಷಧಿ ಒಟ್ಟಿಗೆ ಕೊಡಬೇಕಾಗುತ್ತದೆ. ಅದರಲ್ಲಿ ಮುಖ್ಯವಾದದ್ದು ಅಜಿತ್ರೋಮೈಸಿನ್ ಗುಂಪು. ಈ ಬ್ಯಾಕ್ಟೀರಿಯಾದಲ್ಲಿ ಇಆರ್‌ಎಂ 41 ಅನ್ನುವ ಒಂದು ಜೀನ್ ಸುಮ್ನೆ ಕೂತಿರುತ್ತದೆ, ಔಷಧಿ ತಾಗಿದ ಮೇಲೆ ಎಚ್ಚರಗೊಂಡು ಪ್ರತಿರೋಧ ತರುತ್ತದೆ. ಮೂರನೇ ದಿನ ತಟ್ಟೆ ನೋಡಿದರೆ ಎಸ್, ಹದಿನಾಲ್ಕನೇ ದಿನ ನೋಡಿದರೆ ಆರ್. ಅದಕ್ಕೇ ಲ್ಯಾಬಿನವರು ಅಷ್ಟು ದಿನ ಕಾಯುತ್ತಾರೆ. ಇದರ ಒಂದು ಉಪಜಾತಿಯಲ್ಲಿ ಆ ಜೀನ್ ಮುರಿದುಹೋಗಿದೆ, ಅಂಥವರಲ್ಲಿ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಉಪಜಾತಿ ಯಾವುದು ಅಂತ ಕೇಳಿ ತಿಳಿದುಕೊಳ್ಳುವುದು ಸುಮ್ಮನೆ ಕುತೂಹಲದ ಮಾತಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ವಿಷಯ. ಸ್ಯೂಡೋಮೊನಾಸ್ ನೆಲೆಯೂರಿದವರಿಗೆ ವಾರಕ್ಕೆ ಮೂರು ದಿನ ಅಜಿತ್ರೋಮೈಸಿನ್ ಕೊಡುವುದು ರೂಢಿ. ಅದು ಸ್ಯೂಡೋಮೊನಾಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ, ಉರಿಯೂತ ತಗ್ಗಿಸಿ, ಬಯೋಫಿಲ್ಮ್ ಕಟ್ಟುವ ಕೆಲಸಕ್ಕೆ ಅಡ್ಡಿ ಮಾಡಿ ನೆರವಾಗುತ್ತದೆ ಅಂತ ತಿಳಿದವರ ಅಭಿಪ್ರಾಯ. ಆದರೆ ಮೈಕೋಬ್ಯಾಕ್ಟೀರಿಯಂ ಒಳಗಿದ್ದು ಗೊತ್ತಾಗದೆ ಈ ಒಂದೇ ಔಷಧಿಯನ್ನು ಕೊಡುತ್ತಾ ಹೋದರೆ, ಅದರ ಮೇಲಿನ ಮುಖ್ಯ ಅಸ್ತ್ರವನ್ನೇ ನಾವು ಮೊಂಡು ಮಾಡಿದಂತೆ. ಶುರು ಮಾಡುವ ಮೊದಲು ಕಫದಲ್ಲಿ ಮೈಕೋಬ್ಯಾಕ್ಟೀರಿಯಂ ಇದೆಯಾ ಅಂತ ನೋಡಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು.

ಪ್ರತಿರೋಧ ಇರುವ ಬ್ಯಾಕ್ಟೀರಿಯಾ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೂ ದಾಟುತ್ತದೆ. ಮೊದಲು ಇದನ್ನು ಯಾರೂ ಅಷ್ಟಾಗಿ ನಂಬಿರಲಿಲ್ಲ, ಒಬ್ಬೊಬ್ಬರಿಗೂ ಅವರವರ ಪರಿಸರದಿಂದಲೇ ಬರುತ್ತದೆ ಅಂದುಕೊಂಡಿದ್ದರು. 1996ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ಒಂದು ವರದಿ ಬಂತು. ಅಲ್ಲಿನ ಮಕ್ಕಳ ಚಿಕಿತ್ಸಾ ಕೇಂದ್ರಕ್ಕೆ ಬರುತ್ತಿದ್ದ, ಸ್ಯೂಡೋಮೊನಾಸ್ ಇದ್ದ ಮಕ್ಕಳಲ್ಲಿ ಬಹುಪಾಲು ಮಂದಿಯಲ್ಲಿ ಒಂದೇ ತಳಿ ಇತ್ತು, ಅದಕ್ಕೆ ಸೆಫ್ಟಾಜಿಡೀಮ್ ನಾಟುತ್ತಿರಲಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಅದಕ್ಕೂ ಮೊದಲೇ, 1980ರ ದಶಕದಲ್ಲೇ, ಸೋಂಕಿರುವವರನ್ನೂ ಇಲ್ಲದವರನ್ನೂ ಬೇರೆ ಬೇರೆ ದಿನ ನೋಡಲು ಶುರು ಮಾಡಿದ್ದರು. ಈಗ ಸಿಸ್ಟಿಕ್ ಫೈಬ್ರೋಸಿಸ್ ಇರುವ ಇಬ್ಬರ ನಡುವೆ ಕನಿಷ್ಠ ಎರಡು ಮೀಟರ್ ಅಂತರ ಇರಬೇಕು ಅನ್ನುವುದು ನಿಯಮ. ಒಡಹುಟ್ಟಿದವರ ವಿಷಯ ಬೇರೆ, ಒಂದೇ ಮನೆಯಲ್ಲಿ ಅದು ಆಗುವ ಮಾತಲ್ಲ. ತನ್ನ ಕಷ್ಟ ಪೂರ್ತಿ ಅರ್ಥವಾಗುವ ಇನ್ನೊಬ್ಬ ವ್ಯಕ್ತಿಯ ಪಕ್ಕದಲ್ಲಿ ಕೂರಲೂ ಆಗದ ಈ ಒಂಟಿತನ ಈ ಕಾಯಿಲೆಯ ಬಹಳ ನೋವಿನ ಭಾಗ ಅಂತ ನನಗನಿಸುತ್ತದೆ. ಡಾಕ್ಟರುಗಳ ಜೊತೆಗಿನ ಮಾತಿನಲ್ಲಿ ಇದಕ್ಕೆ ಸಿಗುವ ಜಾಗ ಬಹಳ ಕಡಿಮೆ.

ಕೋರ್ಸ್ ಪೂರ್ತಿ ಮಾಡದೆ ಬಿಟ್ಟಿದ್ದಕ್ಕೇ ಹೀಗಾಯಿತು ಅಂತ ರೋಗಿಗಳನ್ನು ಬೈಯುವವರಿಗೆ ಒಂದು ಮಾತು. ಒಂದು ಡೋಸ್ ಕೂಡ ತಪ್ಪಿಸದೆ ತೆಗೆದುಕೊಂಡವರಲ್ಲೂ ಈ ಪ್ರತಿರೋಧ ಬರುತ್ತದೆ. ಬದುಕುಳಿಯಲು ವರ್ಷ ವರ್ಷವೂ ಆಂಟಿಬಯೋಟಿಕ್ ತೆಗೆದುಕೊಳ್ಳಲೇಬೇಕಾದ ಜನ ಅವರು, ನೆಗಡಿಗೆಲ್ಲ ಮಾತ್ರೆ ನುಂಗಿದವರಲ್ಲ. ಔಷಧಿ ತಪ್ಪಿಸಿದರೆ ಸೋಂಕು ಜೋರಾಗುತ್ತದೆ ಅನ್ನುವುದು ನಿಜ, ತಪ್ಪಿಸಬಾರದು. ಆದರೆ ಪ್ರತಿರೋಧ ಬಂದದ್ದಕ್ಕೆ ಅವರನ್ನು ಅಪರಾಧಿ ಮಾಡುವುದು ಅನ್ಯಾಯ.

ಹಾಗಾದರೆ ಏನು ಮಾಡಬಹುದು? ಎಲ್ಲಕ್ಕಿಂತ ದೊಡ್ಡ ಅವಕಾಶ ಇರುವುದು ಶುರುವಿನಲ್ಲಿ, ಸ್ಯೂಡೋಮೊನಾಸ್ ಮೊದಲ ಸಲ ಕಂಡಾಗ. ಆಗ ಅದು ಇನ್ನೂ ಲೋಳೆ ಕಟ್ಟಿಲ್ಲ, ಕವಲೊಡೆದಿಲ್ಲ. ರೋಗಿಗೆ ಜ್ವರವಿಲ್ಲ, ಕೆಮ್ಮು ಜಾಸ್ತಿಯಾಗಿಲ್ಲ ಅಂತ ಬಿಡುವ ಹಾಗಿಲ್ಲ. 1991ರಲ್ಲಿ ಡೆನ್ಮಾರ್ಕಿನವರು ಪ್ರಕಟಿಸಿದ 26 ರೋಗಿಗಳ ಒಂದು ಸಣ್ಣ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾ ಕಂಡಾಗಲೆಲ್ಲ ಉಸಿರಿನಲ್ಲಿ ಕೊಲಿಸ್ಟಿನ್, ಬಾಯಿಗೆ ಸಿಪ್ರೋಫ್ಲಾಕ್ಸಾಸಿನ್ ಕೊಟ್ಟವರಲ್ಲಿ ಸೋಂಕು ನೆಲೆಯೂರಿದ್ದು ಶೇ. 14 ಮಂದಿಗೆ, ಕೊಡದವರಲ್ಲಿ ಶೇ. 58 ಮಂದಿಗೆ. ಈಗ ಬಹಳ ಕಡೆ 28 ದಿನ ಉಸಿರಿನ ಟೋಬ್ರಾಮೈಸಿನ್ ಕೊಡುತ್ತಾರೆ. ಮೂರು ತಿಂಗಳಿಗೊಮ್ಮೆ ಕಫ ಪರೀಕ್ಷೆ ಮಾಡಿಸಿ ಅಂತ ಒತ್ತಾಯಿಸುವುದು ಈ ಮೊದಲ ಕ್ಷಣವನ್ನು ಹಿಡಿಯಲಿಕ್ಕೇ, ಚೆನ್ನಾಗಿದ್ದಾಗಲೂ.

ನೆಲೆಯೂರಿದ ಮೇಲೆ ಗುರಿ ಬದಲಾಗುತ್ತದೆ. ಪೂರ್ತಿ ಕೊಲ್ಲುವುದಲ್ಲ, ಸಂಖ್ಯೆ ತಗ್ಗಿಸಿ ಹಿಡಿದಿಡುವುದು. ಇಲ್ಲಿ ಕಫ ಹೊರಹಾಕುವ ಕೆಲಸವೂ ಆಂಟಿಬಯೋಟಿಕ್‌ನಷ್ಟೇ ಮುಖ್ಯ. ಬೆನ್ನು ತಟ್ಟುವುದು, ಉಸಿರಿನ ವ್ಯಾಯಾಮ, ಶೇ. 7ರ ಉಪ್ಪುನೀರಿನ ನೆಬ್ಯುಲೈಸೇಷನ್, ಸತ್ತ ಬಿಳಿಕಣಗಳ ಡಿಎನ್‌ಎ ಕತ್ತರಿಸಿ ಕಫ ತೆಳುಮಾಡುವ ಡೋರ್ನೇಸ್ ಆಲ್ಫಾ. ಹೊರಗೆ ಬಂದ ಪ್ರತಿ ಗುಟುಕು ಕಫದ ಜೊತೆ ಕೋಟ್ಯಂತರ ಬ್ಯಾಕ್ಟೀರಿಯಾ ಹೊರಗೆ ಹೋಗುತ್ತವೆ, ಅವು ಯಾವ ಔಷಧಿಗೆ ಬಗ್ಗುತ್ತವೆ ಅನ್ನುವ ಪ್ರಶ್ನೆಯೇ ಇಲ್ಲ. ಇನ್ನೊಂದು, ಡ್ರಿಪ್ ಜಾಸ್ತಿ ದಿನ ಹಾಕಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಬಿಡಬಹುದು. ವಯಸ್ಕರಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಬೇಗ ಸುಧಾರಿಸಿದವರಿಗೆ 14 ದಿನದಷ್ಟೇ 10 ದಿನವೂ ಸಾಕಾಯಿತು. ನಿಧಾನವಾಗಿ ಸುಧಾರಿಸಿದವರಿಗೂ 14 ದಿನವನ್ನು 21ಕ್ಕೆ ಎಳೆದದ್ದರಿಂದ ಹೆಚ್ಚಿನ ಲಾಭ ಆಗಲಿಲ್ಲ. ಟೋಬ್ರಾಮೈಸಿನ್‌ನಂಥವು ಕಿವಿಗೂ ಕಿಡ್ನಿಗೂ ಕೆಡುಕು ಮಾಡುವ ಔಷಧಿಗಳಾದ್ದರಿಂದ ಕಡಿಮೆಯಾದ ಒಂದೊಂದು ದಿನವೂ ಲಾಭವೇ.

2019ರಲ್ಲಿ ಟ್ರೈಕಾಫ್ಟಾ ಅನ್ನುವ ಮೂರು ಔಷಧಿಗಳ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಈ ಕಾಯಿಲೆಯ ಚಿತ್ರವೇ ಬದಲಾಗಿದೆ. ಕೆಟ್ಟ ಸಿಎಫ್‌ಟಿಆರ್ ಪ್ರೊಟೀನನ್ನೇ ಸರಿಪಡಿಸುವ ಔಷಧಿ ಅದು. ಸರಿಹೊಂದುವ ಜೀನ್ ಬದಲಾವಣೆ ಇದ್ದವರಲ್ಲಿ ಕಫ ತೆಳುವಾಗುತ್ತದೆ, ಉಸಿರು ಸುಧಾರಿಸುತ್ತದೆ, ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ. ಎಲ್ಲರ ಜೀನ್ ಬದಲಾವಣೆಗೂ ಅದು ಹೊಂದುವುದಿಲ್ಲ, ಹೊಂದುವವರಿಗೂ ಎಲ್ಲ ದೇಶಗಳಲ್ಲಿ ಸಿಗುವುದಿಲ್ಲ, ಇದು ಬಹಳ ಸಂಕಟದ ವಿಷಯ. ಬ್ಯಾಕ್ಟೀರಿಯಾದ ಮಟ್ಟಿಗೆ ಹೇಳುವುದಾದರೆ, ಮಾತ್ರೆ ಶುರುವಾದ ಮೇಲೆ ಸಂಖ್ಯೆ ಚೆನ್ನಾಗಿ ಇಳಿಯುತ್ತದೆ, ಆದರೆ ಮೊದಲೇ ನೆಲೆಯೂರಿದ್ದವರಲ್ಲಿ ಬಹಳಷ್ಟು ಮಂದಿಯಲ್ಲಿ ಅದೇ ಹಳೆಯ ತಳಿ ಉಳಿದುಕೊಂಡಿರುತ್ತದೆ. ಇದರ ಜೊತೆ ಒಂದು ಹೊಸ ತೊಡಕು. ಕಫವೇ ಬರದಿದ್ದರೆ ಪರೀಕ್ಷೆಗೆ ಏನು ಕಳಿಸುವುದು? ಗಂಟಲ ಸ್ವಾಬ್‌ನಲ್ಲಿ ಕೆಳಗಿರುವುದೆಲ್ಲ ಸಿಗುವುದಿಲ್ಲ. ರಿಪೋರ್ಟಿನಲ್ಲಿ ಏನೂ ಬೆಳೆದಿಲ್ಲ ಅಂತ ಬಂದರೆ ಸೋಂಕು ಹೋಗಿದೆ ಅಂತಲೇ ಅರ್ಥವಲ್ಲ. ಉಪ್ಪುನೀರು ಎಳೆದುಕೊಂಡು ಕಫ ಬರಿಸಿ ಕೊಡುವುದು ಮೇಲು.

ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್, ಅಂದರೆ ಫೇಜ್, ಇದರ ಬಗ್ಗೆಯೂ ಆಸೆ ಹುಟ್ಟಿದೆ. 2019ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ, ಶ್ವಾಸಕೋಶ ಕಸಿಯಾದ ನಂತರ ಆಬ್ಸೆಸಸ್ ಸೋಂಕು ಮೈಯೆಲ್ಲ ಹರಡಿದ್ದ ಹದಿಹರೆಯದ ಹುಡುಗಿಗೆ ಲಂಡನ್ನಿನಲ್ಲಿ ಮೂರು ಫೇಜ್‌ಗಳನ್ನು ಕೊಟ್ಟಾಗ ಅವಳು ಗಮನಾರ್ಹವಾಗಿ ಚೇತರಿಸಿಕೊಂಡಳು. ಅವುಗಳಲ್ಲಿ ಒಂದು ಫೇಜ್ ಸಿಕ್ಕಿದ್ದು ಕೊಳೆತ ಬದನೆಕಾಯಿಯ ಅಡಿಯಲ್ಲಿ. ಇದಕ್ಕಿಂತ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ ಉಪಾಯ. ಅವರು ಕೊಳದ ನೀರಿನಲ್ಲಿ ಕಂಡುಹಿಡಿದ ಫೇಜ್ ಒಂದು ಸ್ಯೂಡೋಮೊನಾಸ್‌ನ ಔಷಧಿ ಎಸೆಯುವ ಪಂಪಿನ ತುದಿಯನ್ನೇ ಹಿಡಿದು ಒಳಗೆ ಹೋಗುತ್ತದೆ. ಫೇಜ್‌ನಿಂದ ತಪ್ಪಿಸಿಕೊಳ್ಳಬೇಕಾದರೆ ಬ್ಯಾಕ್ಟೀರಿಯಾ ಆ ಪಂಪನ್ನು ಬದಲಿಸಬೇಕು, ಬದಲಿಸಿದರೆ ಆಂಟಿಬಯೋಟಿಕ್‌ಗೆ ಮತ್ತೆ ಬಗ್ಗುತ್ತದೆ. ಇನ್ನೂ ಇದು ಎಲ್ಲರಿಗೂ ಸಿಗುವ ಚಿಕಿತ್ಸೆಯಾಗಿಲ್ಲ, ಪ್ರಯೋಗಗಳು ನಡೆಯುತ್ತಿವೆ. ಒಬ್ಬರಿಗೆ ಹೊಂದಿದ ಫೇಜ್ ಇನ್ನೊಬ್ಬರ ತಳಿಗೆ ಹೊಂದಬೇಕೆಂದಿಲ್ಲ.

ಮುಂದಿನ ಸಲ ಪಟ್ಟಿ ತುಂಬಾ ಆರ್ ಇರುವ ರಿಪೋರ್ಟ್ ಬಂದರೆ ಡಾಕ್ಟರನ್ನು ಇಷ್ಟು ಕೇಳಿ. ಇದು ಹೊಸ ಬ್ಯಾಕ್ಟೀರಿಯಾವಾ, ಹಳೆಯದೇನಾ? ಹೊಸದಾದರೆ ಪೂರ್ತಿ ತೊಲಗಿಸುವ ಚಿಕಿತ್ಸೆ ಯಾವತ್ತಿನಿಂದ? ಹಳೆಯದಾದರೆ, ಹೋದ ಸಲ ಯಾವ ಔಷಧಿಗೆ ಸುಧಾರಿಸಿತ್ತು, ಅದನ್ನೇ ಮತ್ತೆ ಕೊಡಬಹುದಾ? ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿಗೂ ಈ ಆರ್ ಅನ್ವಯಿಸುತ್ತದಾ? ಟೋಬ್ರಾಮೈಸಿನ್ ಅಥವಾ ಅಮಿಕಾಸಿನ್ ಡ್ರಿಪ್ ಹಾಕುವುದಾದರೆ ಕಿವಿಯ ಟೆಸ್ಟ್ ಯಾವಾಗ ಆಗಿತ್ತು, ಮತ್ತೆ ಯಾವಾಗ ಮಾಡಿಸಬೇಕು? ಮೈಕೋಬ್ಯಾಕ್ಟೀರಿಯಂಗೆ ಕಫ ಕಳಿಸಿ ಎಷ್ಟು ದಿನವಾಯಿತು?